ಪಾರಿವಾಳದ ಹನ್ನೊಂದು ದಿನಗಳು

ನಮ್ಮ ಪಾರಿವಾಳ ಸತ್ತಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಮುಲುಂಡದಲ್ಲಿ ರೈಲು ಹಳಿಗೆ ಹತ್ತಿರ, ಸಾಲುಮನೆಗಳ ಒಂದು ಚಾಳಿನ ಮೂರನೆಯ ಮಹಡಿಯಲ್ಲಿ ನಮ್ಮ ಮನೆ. ಅಪ್ಪ, ಅವ್ವ, ಒಬ್ಬಳೇ ಮಗಳು ನಾನು ಒಳಗೆ; ಗ್ಯಾಲರಿಯ ಕಂಬಿಗೆ ಕಟ್ಟಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪಾರಿವಾಳ. ಬೂದುಬಣ್ಣದ ಮೈ, ಬಿಳಿ ಬಾಲ. ಕಾರ್ಖಾನೆಯಲ್ಲಿ ಅಪ್ಪನ ಜೊತೆ ಫಿಟರ್ ಆಗಿದ್ದವರೊಬ್ಬರು ಅದನ್ನು ಮರಿಯಿದ್ದಾಗಲೇ ಕೊಟ್ಟಿದ್ದರು. ಎಲ್ಲಿ ಬಿಟ್ಟರೂ ಮನೆಗೆ ಬರುವ ಜಾತಿಯದು ಎಂದು ಹೇಳಿದ್ದರಂತೆ. ಅದಕ್ಕೆ ನಾವು ಹೆಸರಿಡಲಿಲ್ಲ. ಚಾಳಿನಲ್ಲಿ ಬೇರೆ ಯಾರೂ ಪಾರಿವಾಳ ಸಾಕಿರಲಿಲ್ಲ, ಹಾಗಾಗಿ ಹೆಸರಿನ ಅಗತ್ಯ ಬೀಳಲಿಲ್ಲ.

ಅಪ್ಪ ಮಾತು ಕಡಿಮೆಯ ಮನುಷ್ಯ. ರವಿವಾರ ಮಾತ್ರ ಪಾರಿವಾಳವನ್ನು ಬಿದಿರಿನ ಬುಟ್ಟಿಯಲ್ಲಿಟ್ಟು, ಮೇಲೊಂದು ಬಟ್ಟೆ ಕಟ್ಟಿ, ಲೋಕಲ್ ರೈಲು ಹತ್ತುತ್ತಿದ್ದ. ಮೊದಲು ಮುಂದಿನ ಸ್ಟೇಷನ್ ಠಾಣೆಗೆ ಒಯ್ದು ಬಿಟ್ಟ. ಆಮೇಲೆ ಕಲ್ಯಾಣ, ಕರ್ಜತ್. ಅಪ್ಪ ಮರಳಿ ಮನೆ ಮುಟ್ಟುವ ಹೊತ್ತಿಗೆ ಅದು ಬಂದು, ಜೋಳ ತಿಂದು, ಕಣ್ಣು ಮುಚ್ಚಿ ಕುಳಿತಿರುತ್ತಿತ್ತು. ಊರ ಕಡೆ ಹೋಗುವ ಪರಿಚಯದವರ ಕೈಯಲ್ಲಿ ಪುಣೆಗೆ, ಸಾತಾರೆಗೆ, ಕೊಲ್ಹಾಪುರಕ್ಕೂ ಅದನ್ನು ಕಳಿಸಿದ. ಪ್ರತಿ ಸಲವೂ ಬಂತು. ಅದು ಗ್ಯಾಲರಿಯ ಕಂಬಿಯ ಮೇಲೆ ಇಳಿದಾಗಲೆಲ್ಲ ಅವ್ವ ಕೆಲಸ ಬಿಟ್ಟು ಕೈ ಮುಗಿಯುತ್ತಿದ್ದಳು. "ಇದಕ್ಕ ದಾರಿ ಯಾರು ಹೇಳಿಕೊಟ್ಟಾರ?" ಎಂದು ಕೇಳುತ್ತಿದ್ದಳು. ನನಗೂ ಅದೇ ಪ್ರಶ್ನೆ. ಶಾಲೆಯಿಂದ ಮನೆಗೆ ಬರುವಾಗ ಒಂದೇ ಥರದ ಮೂರು ಚಾಳುಗಳಲ್ಲಿ ನಾನೇ ಎರಡು ಸಲ ದಾರಿ ತಪ್ಪಿದ್ದೆ.

ನಾನು ಮೂರನೆಯ ತರಗತಿಯಲ್ಲಿದ್ದಾಗ ಬೇಸಿಗೆಯಲ್ಲಿ ಅಪ್ಪ ಒಬ್ಬನೇ ಮದುವೆಗೆಂದು ಊರಿಗೆ ಹೊರಟ. ನಮ್ಮ ಊರು ಬೆಳಗಾವಿಯ ಹತ್ತಿರ. ಬುಟ್ಟಿಯೂ ಜೊತೆಗೆ ಹೊರಟಿತು. ಅವ್ವನಿಗೆ ಮನಸ್ಸಿರಲಿಲ್ಲ.

"ಅಷ್ಟ ದೂರ ಬ್ಯಾಡ್ರಿ. ನಡುವ ಘಟ್ಟ ಐತಿ, ಹಕ್ಕಿ ಹಿಡಿಯೂ ಗಿಡಗ ಇರ್ತಾವ," ಎಂದಳು.

"ಬರ್ತೈತಿ ತಗೋ," ಎಂದ ಅಪ್ಪ.

ಬೆಳಗಾವಿ ಸ್ಟೇಷನ್ನಿನ ಹೊರಗೆ ಬೆಳಗಿನ ಜಾವ ಅದನ್ನು ಬಿಟ್ಟನಂತೆ. ಐದನೆಯ ದಿನ ಅಪ್ಪ ಮರಳಿ ಬಂದ. ಚಪ್ಪಲಿ ಬಿಡುವ ಮೊದಲೇ "ಬಂತೇನ?" ಎಂದು ಕೇಳಿದ. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಅಪ್ಪ ಊಟ ಮಾಡದೆ ಗ್ಯಾಲರಿಯಲ್ಲಿ ನಿಂತ. ಆರು, ಏಳು, ಎಂಟು ದಿನಗಳಾದವು. ಒಂಬತ್ತನೆಯ ದಿನ ಅವ್ವ ಪೆಟ್ಟಿಗೆಯನ್ನು ತೊಳೆದು ಬಿಸಿಲಿಗಿಟ್ಟಳು. ಯಾಕೆ ತೊಳೆದಳೆಂದು ನಾವು ಕೇಳಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಕೆಳಗೆ ನಳ ಬಂದಿತ್ತು. ಹೆಂಗಸರೆಲ್ಲ ಕೊಡ ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದರು. ನಾನು ಅವ್ವನ ಹಿಂದೆ ಚಿಕ್ಕ ಬಿಂದಿಗೆ ಹಿಡಿದು ಇಳಿಯುತ್ತಿದ್ದೆ. ಮೊದಲನೆಯ ಮಹಡಿಯ ತಿರುವಿನಲ್ಲಿ ಅವ್ವ ಥಟ್ಟನೆ ನಿಂತಳು. ಮೆಟ್ಟಿಲಿನ ಮೇಲೆ ಪಾರಿವಾಳ. ಎಡರೆಕ್ಕೆ ಜೋತು ಬಿದ್ದು ನೆಲ ಗುಡಿಸುತ್ತಿತ್ತು. ಬಿಳಿ ಬಾಲದಲ್ಲಿ ಉಳಿದದ್ದು ಎರಡೇ ಗರಿ. ಅದು ಒಂದು ಮೆಟ್ಟಿಲು ಜಿಗಿಯುವುದು, ನಿಲ್ಲುವುದು, ಎದೆ ಬಡಿದುಕೊಳ್ಳುವುದು ಕಾಣುತ್ತಿತ್ತು, ಮತ್ತೆ ಒಂದು ಮೆಟ್ಟಿಲು.

ಪಕ್ಕದ ಮನೆಯ ಹೆಂಗಸು ಅಯ್ಯೋ ಎಂದು ಎತ್ತಿಕೊಳ್ಳಲು ಬಗ್ಗಿದಳು. ಅವ್ವ ತಡೆದಳು. "ಹಾತ್ ಮತ್ ಲಗಾವ್," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮುಟ್ಟಬ್ಯಾಡ. ಇಷ್ಟು ದೂರ ತಾನ ಬಂದೈತಿ. ಉಳದಿದ್ದನ್ನೂ ತಾನ ಬರ್ಲಿ," ಎಂದಳು.

ಎಲ್ಲರೂ ಗೋಡೆಗೆ ಒರಗಿ ದಾರಿ ಬಿಟ್ಟರು. ಸೊಂಟದ ಮೇಲೆ ತುಂಬಿದ ಕೊಡ, ಹಾಗೆಯೇ ನಿಂತರು. ಕೆಳಗೆ ನಳದ ನೀರು ಸುಮ್ಮನೆ ಹರಿಯುತ್ತಿತ್ತು. ಅಂಥ ನೀರಿನ ಬರದ ಚಾಳಿನಲ್ಲಿ ಅದನ್ನು ನಿಲ್ಲಿಸಲು ಯಾರೂ ಹೋಗಲಿಲ್ಲ. ಪಾರಿವಾಳ ಯಾರನ್ನೂ ನೋಡಲಿಲ್ಲ. ಮೂರನೆಯ ಮಹಡಿ ಮುಟ್ಟಿತು, ಗ್ಯಾಲರಿಯಲ್ಲಿ ನಾಲ್ಕು ಬಾಗಿಲು ದಾಟಿತು, ಐದನೆಯ ಬಾಗಿಲಿಗೆ ತಿರುಗಿತು. ಹೊಸ್ತಿಲು ದಾಟಿ ಒಳಗೆ ಬಂದು ಕುಳಿತುಬಿಟ್ಟಿತು. ಅದಕ್ಕೂ ಮೊದಲು ಅದು ಎಂದೂ ನಮ್ಮ ಮೆಟ್ಟಿಲು ಹತ್ತಿ ಬಂದದ್ದಿಲ್ಲ. ಯಾವಾಗಲೂ ಆಕಾಶದಿಂದಲೇ ಬರುತ್ತಿದ್ದ ಹಕ್ಕಿಗೆ ಈ ಬಾಗಿಲೇ ಎಂದು ಹೇಗೆ ಗೊತ್ತಾಯಿತೋ ನನಗೆ ಇಂದಿಗೂ ತಿಳಿದಿಲ್ಲ.  ಪಕ್ಕದ ಮನೆಯವಳು ಕೊಡ ಇಳಿಸಿ ಅಳತೊಡಗಿದಳು.

ಸಂಜೆ ಅಪ್ಪ ಬಂದು ಅದರ ಕಾಲು ನೋಡಿದ. ಉಗುರು ಸವೆದು ಮೊಂಡಾಗಿದ್ದವು, ಅಂಗಾಲು ಒಡೆದಿತ್ತು. ಅವ್ವ ಬಿಸಿನೀರಿಗೆ ಅರಿಶಿನ ಹಾಕಿ ಕೊಟ್ಟಳು. ಅಪ್ಪ ತಾಟಿನಲ್ಲಿ ಅದರ ಕಾಲಿಟ್ಟು ಒಂದೊಂದೇ ಬೆರಳು ತೊಳೆದ. "ನಡಕೋತ ಬಂದೈತಿ," ಎಂದಷ್ಟೇ ಹೇಳಿದ. ಬಿದಿರಿನ ಬುಟ್ಟಿಯನ್ನು ಮರುದಿನವೇ ಯಾರಿಗೋ ಕೊಟ್ಟುಬಿಟ್ಟ.

ಮುರಿದ ರೆಕ್ಕೆ ಕೂಡಿಕೊಂಡರೂ ಅದು ಮತ್ತೆ ಹಾರಲಿಲ್ಲ. ಇನ್ನೂ ನಾಲ್ಕೂವರೆ ವರ್ಷ ಮನೆಯೊಳಗೆ ಓಡಾಡಿಕೊಂಡಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಅವ್ವ ಜೋಳ ಹಾಕಲು ಹೋದಾಗ ಪೆಟ್ಟಿಗೆಯಲ್ಲಿ ತಣ್ಣಗಾಗಿತ್ತು. ಚಾಳಿನ ಹಿಂದಿನ ಗುಲ್‌ಮೊಹರಿನ ಬುಡದಲ್ಲಿ ಅಪ್ಪ ಅದನ್ನು ಹುಗಿದು ಕೆಲಸಕ್ಕೆ ಹೋದ.

ಹತ್ತಿಪ್ಪತ್ತು ದಿನ ಕಳೆದವು. ಒಂದು ರವಿವಾರ ಅವ್ವ ಟ್ರಂಕು ತೆಗೆದು, ಸೀರೆಗಳ ಕೆಳಗಿನಿಂದ ನೂಲು ಸುತ್ತಿದ ಒಂದು ಕಟ್ಟು ಹೊರತೆಗೆದಳು. ಗೋಡೆಯ ಕ್ಯಾಲೆಂಡರಿನಿಂದ ಹರಿದ ತಾರೀಖಿನ ಚೀಟಿಗಳು. ಪ್ರತಿ ಸಲ ಪಾರಿವಾಳ ಮರಳಿ ಬಂದ ದಿನದ ಚೀಟಿಯನ್ನು ಎತ್ತಿಟ್ಟು, ಚೀಟಿಯ ಬೆನ್ನಿಗೆ ಅದು ಬಂದ ಹೊತ್ತು ಬರೆದಿದ್ದಳು. ಅವ್ವ ಎರಡನೆಯ ಇಯತ್ತೆಯವರೆಗೆ ಓದಿದವಳು, ಮನೆಯಲ್ಲಿ ಗಡಿಯಾರ ಇರಲಿಲ್ಲ. ಹೀಗಾಗಿ ಒಂದರ ಹಿಂದೆ 'ಎರಡನೇ ಭೋಂಗಾ ಆತು' ಎಂದಿತ್ತು, ಕಾರ್ಖಾನೆ ಕೂಗಿದ ಲೆಕ್ಕ. ಇನ್ನೊಂದರ ಹಿಂದೆ 'ರೊಟ್ಟಿ ಬಡಿಯೂದು ಮುಗದಿತ್ತು' ಎಂದು. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಒಂದೊಂದಾಗಿ ಓದುತ್ತ ಹೋದ.

"ಇವನ್ನ ಏನ ಮಾಡೂಣು?" ಎಂದು ಅವ್ವ ಕೇಳಿದಳು.

ಭೂಗೋಳದ ಪಾಠಕ್ಕೆಂದು ಶಾಲೆಯಲ್ಲಿ ಚಿತ್ರ ಅಂಟಿಸಲು ತರಿಸಿದ್ದ ಸ್ಕ್ರ್ಯಾಪ್‌ಬುಕ್ಕು ನನ್ನ ಹತ್ತಿರ ಇತ್ತು. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ. ಚಿತ್ರವಿದ್ದ ಹಾಳೆಗಳನ್ನು ಕಿತ್ತು ಪುಸ್ತಕ ಮುಂದಿಟ್ಟೆ. ಅವ್ವ ಮೈದಾಹಿಟ್ಟು ಕಲಸಿ, ಜಿರಲೆ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಸ್ಟೋವಿನ ಮೇಲೆ ಅಂಟು ಕಾಯಿಸಿದಳು. ಪ್ರತಿ ಚೀಟಿಯ ಪಕ್ಕದಲ್ಲಿ ಅದನ್ನು ಎಲ್ಲಿ, ಯಾರು ಬಿಟ್ಟರು ಎಂದು ಅಪ್ಪ ಹೇಳುವುದು, ನಾನು ಬರೆಯುವುದು. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದೆ. ಕರ್ಜತಿನಲ್ಲಿ ಬಿಟ್ಟಾಗ ಅದು ಮೂರು ಸುತ್ತು ಹಾಕಿತ್ತಂತೆ. ಕಲ್ಯಾಣದಲ್ಲಿ ಮಂಜಿತ್ತಂತೆ, ಆದರೂ ಒಂದೇ ಸುತ್ತಿಗೆ ದಿಕ್ಕು ಹಿಡಿಯಿತಂತೆ. ಬಾಲದಲ್ಲಿ ಉಳಿದಿದ್ದ ಆ ಎರಡು ಗರಿ ಆಮೇಲೆ ಉದುರಿದಾಗ ಅವ್ವ ಎತ್ತಿಟ್ಟಿದ್ದಳು, ಅವನ್ನೂ ಅಂಟಿಸಿದೆವು. ಬೆಳಗಾವಿಯ ಪುಟ ಬಂದಾಗ ಅಪ್ಪ ಕೈ ಅಡ್ಡ ಹಿಡಿದ. "ಅಲ್ಲಿ ಏನೂ ಬರಿಬ್ಯಾಡ. ನಮಗೇನ ಗೊತ್ತೈತಿ?" ಎಂದ. ಆ ಪುಟದಲ್ಲಿ ಎರಡು ಊರಿನ ಹೆಸರು ಬರೆದು ನಡುವೆ ಖಾಲಿ ಬಿಟ್ಟೆ.

ಮರು ರವಿವಾರ ಮೀನು ಮಾರುವ ಮಾವಶಿ ಬಂದಳು. ಠಾಣೆಯ ಖಾಡಿಯ, ಸಮುದ್ರದ ಹಿನ್ನೀರಿನ, ಕಡೆಯಿಂದ ಮೀನು ತಂದು ನಮ್ಮ ಚಾಳುಗಳಲ್ಲಿ ಮಾರುವವಳು. ಬುಟ್ಟಿ ಇಳಿಸಿ, ತೆರೆದಿಟ್ಟ ಪುಸ್ತಕದ ಗರಿ ನೋಡಿ ಇದೇನೆಂದು ಕೇಳಿದಳು. ಅವ್ವ ಎಲ್ಲ ಹೇಳಿದಳು. ಮಾವಶಿ ಹೊಸ್ತಿಲ ಮೇಲೆ ಕುಳಿತೇಬಿಟ್ಟಳು. ಅವಳ ಮಾತು ಮರಾಠಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರೆಕ್ಕೆ ಜೋತುಬಿದ್ದ ಪಾರಿವಾಳ ಒಂದು ಸಲ ರೈಲಿನ ನಮ್ಮ ಲಗೇಜ್ ಡಬ್ಬಿಯಲ್ಲಿ ಬಂದಿತ್ತು," ಎಂದಳು. "ಠಾಣೆಯಲ್ಲಿ ನಾವು ಬುಟ್ಟಿ ಏರಿಸುವಾಗ ಪ್ಲಾಟ್‌ಫಾರ್ಮಿನಿಂದ ಜಿಗಿದು ಹತ್ತಿತು. ಬುಟ್ಟಿಗಳ ನಡುವೆ ಕುಳಿತಿತ್ತು. ಓಡಿಸಿದರೂ ಹೋಗಲಿಲ್ಲ. ಮುಲುಂಡ ಬಂದ ಕೂಡಲೇ ನಮಗಿಂತ ಮೊದಲು ಇಳಿಯಿತು. ನಾವು ನಕ್ಕೆವು, ಅಕ್ಕಾ. ಈಗ ಮೈ ಜುಮ್ಮೆನ್ನುತ್ತದೆ."

ಅಪ್ಪ ಎದ್ದು ಬಂದ. "ಅದರ ಕಾಲಾಗ ದಾರ ಇತ್ತೇನು?" ಎಂದು ತನ್ನ ಮುರುಕು ಮರಾಠಿಯಲ್ಲಿ ಕೇಳಿದ. ನಮ್ಮ ಪಾರಿವಾಳದ ಕಾಲಿಗೆ ಅವ್ವ ಹಸಿರು ದಾರ ಕಟ್ಟಿದ್ದಳು.

"ದಾರ ಇತ್ತು. ಬಣ್ಣ ನೆನಪಿಲ್ಲ, ಸುಳ್ಳು ಹೇಳುವುದಿಲ್ಲ."

"ಮುಲುಂಡ ಬಂತು ಅಂತ ಅದಕ್ಕ ಹ್ಯಾಂಗ ತಿಳದೀತು?"

"ನನಗೆ ಹೇಗೆ ತಿಳಿಯುತ್ತದೆ? ಕಣ್ಣು ಮುಚ್ಚಿದ್ದರೂ ಔಷಧಿ ಕಾರ್ಖಾನೆಯ ವಾಸನೆ ಬರುತ್ತದೆ, ಇಳಿಯುತ್ತೇನೆ. ಅದಕ್ಕೂ ಏನೋ ಒಂದು ಬಂದಿರಬೇಕು."

ಅವಳು ಹೋದ ಮೇಲೆ ಅಪ್ಪ ಗರಿಗಳ ಪುಟ ತಿರುವಿ ನೋಡಿದ. ಬೇರೆ ಪಾರಿವಾಳವೂ ಇರಬಹುದು, ದಾರ ಕಟ್ಟುವವರು ಬಹಳ ಮಂದಿ ಎಂದ. ಅವ್ವ ಮಾತ್ರ ನನಗೆ ಪೆನ್ನು ಕೊಟ್ಟಳು. "ಮಾವಶಿ ಹೇಳಿದ್ದು ಅಂತ ಬರಿ. ಖರೇನೋ ಸುಳ್ಳೋ ಅಂತ ಬರಿಬ್ಯಾಡ." ನಾನು ಹಾಗೆಯೇ ಬರೆದೆ. ಖಾಲಿ ಪುಟದ ಕೊನೆಯಲ್ಲಿ, ಮುಲುಂಡದ ಹೆಸರಿನ ಪಕ್ಕ, ಮೂರು ಸಾಲು. ಅದಕ್ಕಿಂತ ಹಿಂದಿನದೆಲ್ಲ, ಕೃಷ್ಣೆ ದಾಟಿದ್ದು, ಘಟ್ಟ ಇಳಿದದ್ದು, ಯಾರೂ ಹೇಳಲಿಲ್ಲ.

ಮುಂದಿನ ವರ್ಷ ನಾವು ಮೂವರೂ ಊರಿಗೆ ಹೊರಟೆವು. ಕರ್ಜತಿನಲ್ಲಿ ಘಟ್ಟ ಏರಲು ರೈಲಿಗೆ ಹಿಂದಿನಿಂದ ಇನ್ನೊಂದು ಇಂಜಿನ್ ಜೋಡಿಸುತ್ತಾರೆ. ಮಂದಿ ಬಟಾಟೆ ವಡೆಗೆ ಇಳಿದರು. ಅಪ್ಪನೂ ಇಳಿದ, ಆದರೆ ವಡೆ ತರಲಿಲ್ಲ. ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ಎದುರಿನ ಬೆಟ್ಟಗಳನ್ನು ನೋಡುತ್ತ ನಿಂತ. ನಾನು ಕರೆಯಲು ಹೋದೆ.

"ಇದನ್ನ ಇಳದ ಬಂದೈತಲ್ಲ ಮಗಳ," ಎಂದ. "ಇಷ್ಟಿಷ್ಟ ಕಾಲ ಅದರದು." ಹೆಬ್ಬೆರಳು, ತೋರುಬೆರಳು ಹತ್ತಿರ ತಂದು ಅಳತೆ ತೋರಿಸಿದ.

ಇಂಜಿನ್ ಕೂಗಿತು. ಅವ್ವ ಕಿಟಕಿಯಿಂದ ಕೈ ಬೀಸಿ ಕರೆಯುತ್ತಿದ್ದಳು. ನಾವಿಬ್ಬರೂ ಓಡಿ ಹೋಗಿ ಡಬ್ಬಿ ಹತ್ತಿದೆವು. ರೈಲು ಮೊದಲನೆಯ ಸುರಂಗ ಹೊಕ್ಕಿತು.