ಹೆಸರಿಡಬಾರದ ಮರಿ

ಆಗೆಲ್ಲ ಬೆಳೆಹಬ್ಬದ ದಿನ ಬೆಂಗೇರಿಯ ನಮ್ಮ ಪುಟ್ಟ ಚರ್ಚಿನೊಳಗೆ ಸಂತೆಯೇ ಬಂದು ಕೂತಂತಿರುತ್ತಿತ್ತು. ಜೋಳದ ತೆನೆ, ಕುಂಬಳಕಾಯಿ, ಮೆಂತೆಸೊಪ್ಪಿನ ಕಟ್ಟು, ಕಾಲು ಕಟ್ಟಿದ ಕೋಳಿಗಳು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲದರ ಹರಾಜು. ಪಾದ್ರಿಯವರ ಪ್ರಸಂಗದ ನಡುವೆ ಕೋಳಿ ಕೂಗಿದರೆ ನಮಗೆ ಮಕ್ಕಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ನನಗೆ ಎಂಟು ತುಂಬಿದ ವರ್ಷ ಮಾತ್ರ ನಗು ಬರಲಿಲ್ಲ. ಆ ಮಳೆಗಾಲದಲ್ಲಿ ಅವ್ವ ಕಾಮಾಲೆಯಾಗಿ ಮಲಗಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಮಂಚದ ಪಕ್ಕ ಮೊಣಕಾಲೂರಿ, ನಮ್ಮ ಆಡು ಈಯುವ ಮೊದಲ ಮರಿಯನ್ನು ಬೆಳೆಹಬ್ಬಕ್ಕೆ ಕೊಡುತ್ತೇನೆಂದು ದೇವರಿಗೆ ಮಾತು ಕೊಟ್ಟಳು. ಅವ್ವ ಉಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಹದಿನೈದು ದಿನಕ್ಕೆ ಆಡು ಈಯಿತು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕರಿ ಮರಿ.

"ಅದಕ್ಕ ಹೆಸರಿಡಬ್ಯಾಡ ಸುಗುಣಾ," ಎಂದಳು ಆಯಿ.

ನಾನು ಅಂದೇ ಇಟ್ಟೆ: ಚುಕ್ಕಿ. ಮರಿಯ ಕಿವಿಯಲ್ಲಷ್ಟೇ ಹೇಳುತ್ತಿದ್ದೆ. ಅಪ್ಪ ಮಾತು ಬಿಟ್ಟಿದ್ದ. ಮನೆಯಲ್ಲಿ ಆಯಿ ರೊಟ್ಟಿ ಬಡಿಯುವ ಸದ್ದೊಂದೇ. ಶಾಲೆಯಿಂದ ಬಂದರೆ ನನಗಾಗಿ ಓಡಿ ಬರುವ ಜೀವ ಆ ಮರಿಯೊಂದೇ. ಹಾಲಿನ ವಾಸನೆಯ ಬಾಯಲ್ಲಿ ನನ್ನ ಲಂಗದ ಅಂಚು ಜಗಿಯುತ್ತಿತ್ತು.

ಹಬ್ಬದ ಮುಂಚಿನ ವಾರ ಹಳೇ ಹುಬ್ಬಳ್ಳಿಯಿಂದ ಯೋಹಾನ ಕಾಕಾ ಬಂದರು. ನಮ್ಮ ಸಭೆಯ ಹಿರಿಯರು, ಮೆತ್ತಗಿನ ಮನುಷ್ಯ.

"ಸೊಸಿನ ಹೋದಮ್ಯಾಲೆ ಹರಕಿ ಎಲ್ಲೀದು ಆಯಿ? ಒಂದ ಕುಂಬಳಕಾಯಿ ಕೊಟ್ಟು ಮುಗಿಸ್ರಿ. ದೇವ್ರು ಬ್ಯಾಡ ಅಂತಾನೇನು?"

"ಬದುಕಿಸಿದ್ರ ಕೊಡ್ತೇನಿ ಅಂದಿದ್ದಿಲ್ಲಪಾ. ಕೊಡ್ತೇನಿ ಅಂದಿದ್ದೆ. ಅವನ ಕೂಡ ವ್ಯಾಪಾರ ಮಾಡಿದ್ದಿಲ್ಲ."

"ಸಿಟ್ಟಿಲ್ಲೇನ್ರಿ ನಿಮಗ?"

"ಐತಿ. ಮುಂಜಾನೆದ್ದು ಪ್ರಾರ್ಥನಿಗೆ ಕುಂತ್ರ ಬಾಯಾಗ ಮಾತ ಬರಂಗಿಲ್ಲ. ಹಂಗಂತ ಆಡಿದ ಮಾತು ಸುಳ್ಳ ಮಾಡ್ಲೇನು?" ಆಯಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಹರಾಜಿನಲ್ಲಿ ಚುಕ್ಕಿಯನ್ನು ಹಿಡಿದವರು ಕಾಕಾರೇ. ಹಿಡಿದವರೇ ಹಗ್ಗ ತಂದು ನನ್ನ ಕೈಗಿಟ್ಟರು. "ತಗೋ ಮಗಳ, ನಿಂದ ಇದು." ಹಾಗೆ ಕೊಂಡದ್ದನ್ನು ಕೊಟ್ಟವರ ಮನೆಯ ಮಕ್ಕಳಿಗೇ ಮರಳಿಸುವುದು ನಮ್ಮಲ್ಲಿ ಇತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅಂಗಳದ ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.

ಆಯಿ ಮಂದಿಯನ್ನು ಸರಿಸಿಕೊಂಡು ನನ್ನ ಹತ್ತಿರ ಬಂದಳು. ಆಮೇಲೆ ಬಗ್ಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಕೊಟ್ಟಂಗ ಮಾಡಿ ತಿರುಗಿ ತಗೊಂಡ್ರ ಕೊಟ್ಟಂಗಾತೇನವಾ?"

"ನಿನ್ನ ದೇವ್ರು ಅವ್ವನ್ನೂ ತಗೊಂಡ, ಚುಕ್ಕೀನೂ ತಗೊಂಡ!" ಎಂದು ಕಿರುಚಿದೆ.

ಆಯಿ ನನ್ನನ್ನು ಬೈಯಲಿಲ್ಲ. "ಹೆಸರಿಟ್ಟಿದ್ದಿ ಹೌದಿಲ್ಲೋ," ಎಂದಳು ಅಷ್ಟೇ. ಹಗ್ಗವನ್ನು ಕಾಕಾರ ಕೈಗೆ ಕೊಟ್ಟಳು.

ಆ ಸಂಜೆ ಆಡು ಒಂದೇ ಸಮ ಕೂಗುತ್ತಿತ್ತು. ಹಿತ್ತಲಿನ ಬಾಗಿಲಿಂದ ಇಣುಕಿದೆ. ಆಯಿ ನೆಲದಲ್ಲಿ ಕೂತು ಆಡಿನ ಕುತ್ತಿಗೆ ತಬ್ಬಿಕೊಂಡಿದ್ದಳು. "ಚುಕ್ಕಿ ಹೋತವಾ, ಚುಕ್ಕಿ ಹೋತು," ಎನ್ನುತ್ತ ಅಳುತ್ತಿದ್ದಳು. ಅವ್ವನನ್ನು ಮಣ್ಣು ಮಾಡುವಾಗಲೂ ಅಳದವಳು. ನಾನು ಹತ್ತಿರ ಹೋಗಲಿಲ್ಲ. ಮುಂದಿನ ಕ್ರಿಸ್ಮಸ್ ತನಕ ಅವಳ ಪ್ರಾರ್ಥನೆಗೆ ಆಮೆನ್ ಕೂಡ ಹೇಳಲಿಲ್ಲ. ಆ ಹಟ ನೆನೆದರೆ ಈಗ ನಾಚಿಕೆಯಾಗುತ್ತದೆ.

ಆಯಿ ಹೋಗಿ ಬಹಳ ವರ್ಷವಾಯಿತು. ಬೆಳೆಹಬ್ಬ ಈಗಲೂ ಇದೆ, ಕೋಳಿಗಳಿಲ್ಲ, ಕೂಗಾಟವಿಲ್ಲ. ಬೆಂಚಿನ ಮೇಲೆ ಕಾಣಿಕೆ ಹಣಕ್ಕೆ ಲಕೋಟೆ ಇಟ್ಟಿರುತ್ತಾರೆ. ಬೇಡವೆಂದರೆ ಮೊಬೈಲಿನಲ್ಲೂ ಕಳಿಸಬಹುದು. ದಣಿದು ಬಂದು ಕೂರುತ್ತೇನೆ, ಲಕೋಟೆ ಹಾಕುತ್ತೇನೆ, ಮನೆಗೆ ಬಂದು ಊಟ ಮಾಡಿ ಮಲಗುತ್ತೇನೆ. ಯಾವತ್ತೂ ನಿದ್ದೆ ಕೆಟ್ಟಿಲ್ಲ. ನಾನು ಕೊಟ್ಟಿದ್ದಕ್ಕೆ ಯಾವುದಕ್ಕೂ ಹೆಸರಿರಲಿಲ್ಲ.