ಕೈಗೆ ಸಿಗುವ ಒಲೆ

ಎದುರು ಮನೆಯಲ್ಲಿದ್ದ ಅಡುಗೆಯವನನ್ನು ನಮ್ಮ ಕಟ್ಟಡದಲ್ಲಿ ಎಲ್ಲರೂ ಹದಣ್ಣ ಅಂತಲೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಅವನು ಕೆಲಸಕ್ಕಿದ್ದ ಕಾರ್ಖಾನೆಯ ಕ್ಯಾಂಟೀನಿಗೆ ಊಟಕ್ಕೆ ಬರುತ್ತಿದ್ದ ಕೆಲಸಗಾರರು. ಮಧ್ಯಾಹ್ನದ ಸೈರನ್ ಕೂಗುತ್ತಿದ್ದಂತೆ ತಟ್ಟೆ ಹಿಡಿದು ಸಾಲುಗಟ್ಟಿದವರು "ಇನ್ನೂ ಆಗ್ಲಿಲ್ವೇನಣ್ಣಾ" ಅಂತ ಗದ್ದಲ ಎಬ್ಬಿಸಿದರೆ, ಇವನು ಸೌಟು ಅಡ್ಡ ಹಿಡಿದು, "ಹದ ಬರ್ಲಿ, ತಡೀರಿ. ಹಸಿವು ನಿಮ್ಮದು, ಮರ್ಯಾದೆ ನನ್ನದು" ಅನ್ನುತ್ತಿದ್ದನಂತೆ.

ಕ್ಯಾಂಟೀನಿನ ಒಲೆಗಳು ಸೊಂಟದೆತ್ತರದ ಕಬ್ಬಿಣದವು. ಹೊತ್ತಿಸಿದರೆ ಬಸ್ಸು ಹೊರಟ ಹಾಗೆ ಸದ್ದು. ವರ್ಷಗಟ್ಟಲೆ ಅವುಗಳ ಮುಂದೆ ನಿಂತು ಹದಣ್ಣನಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಬೇಯುವುದನ್ನು ಅವನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದ. ಈರುಳ್ಳಿಯಲ್ಲಿ ನೀರಿರುವ ತನಕ ಒಂದು ಸದ್ದು, ನೀರು ಇಂಗಿದ ಮೇಲೆ ಇನ್ನೊಂದು. ಬೇಳೆ ಬೆಂದರೆ ಕುದಿಯುವ ಸದ್ದೇ ದಪ್ಪಗಾಗುತ್ತದೆ ಅಂತ ನನಗೆ ಹೇಳಿಕೊಟ್ಟವನು ಅವನೇ. ನನಗೆ ಇವತ್ತಿಗೂ ಆ ವ್ಯತ್ಯಾಸ ತಿಳಿಯುವುದಿಲ್ಲ.

ಮನೆಯಲ್ಲೂ ಅಡುಗೆ ಅವನದೇ. ಹೆಂಡತಿ, ಅಂದರೆ ನಾನು ಅಕ್ಕ ಅಂತ ಕರೆಯುವವಳು, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ಮಾಡಿದ ಅನ್ನವನ್ನು ಅವನು ಚಮಚದಲ್ಲಿ ಕತ್ತರಿಸಿ ತಿಂದಿದ್ದನಂತೆ. "ಒಂದು ಮಾತು ಬೈಲಿಲ್ಲ ಕಣೇ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡ್ತೀನಿ, ಅಡುಗೆಮನೇಲಿ ಅವರೇ ನಿಂತಿದ್ರು" ಅಂತ ಅಕ್ಕ ನಗುತ್ತಿದ್ದಳು.

ಸಕ್ಕರೆ ಕಾಯಿಲೆ ಅವನಿಗೆ ಯಾವಾಗ ಬಂತೋ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಕಣ್ಣಿಗೆ ಇಳಿದಾಗಿತ್ತು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಿಸಿ ಬೇಳೆಯನ್ನು ತಟ್ಟೆಗೆ ಹಾಕುವ ಬದಲು ತಟ್ಟೆ ಹಿಡಿದವನ ಮುಂಗೈ ಮೇಲೆ ಸುರಿದ. ಆ ಮನುಷ್ಯ ಒಳ್ಳೆಯವನು, ಕೂಗಲೂ ಇಲ್ಲ. ಹದಣ್ಣನೇ ಏಪ್ರನ್ ಬಿಚ್ಚಿ ಮಡಚಿಟ್ಟು ಮನೆಗೆ ಬಂದ. ವರ್ಷ ಕಳೆಯುವುದರೊಳಗೆ ಬೆಳಕು ಯಾವುದು ಕತ್ತಲೆ ಯಾವುದು ಅನ್ನುವಷ್ಟು ಬಿಟ್ಟರೆ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

ಆದರೆ ಅಡುಗೆ ಬಿಡಲಿಲ್ಲ. ಮನೆಯ ಗ್ಯಾಸ್ ಒಲೆ ಅವನ ಕೈಗೆ ಪಳಗಿತ್ತು. ನಾಬ್ ತಿರುಗಿಸಿದರೆ ಎಷ್ಟು ಉರಿ ಅಂತ ಕಿವಿಗೇ ಗೊತ್ತಾಗುತ್ತಿತ್ತು. ತರಕಾರಿಯನ್ನೂ ಅವನೇ ಹೆಚ್ಚುತ್ತಿದ್ದ. ನಾನು ಹೆದರಿಕೊಂಡು ನೋಡಿದರೆ, "ಕಣ್ಣು ರಜೆ ಹಾಕಿದೆ ಅಷ್ಟೇ. ಮೂಗು ಕಿವಿ ಇನ್ನೂ ಡ್ಯೂಟಿ ಮೇಲಿವೆ" ಅನ್ನುತ್ತಿದ್ದ.

ಹೆಗಲ ಮೇಲೊಂದು ಟವೆಲ್ ಹಾಕಿಕೊಳ್ಳುವುದು ಕ್ಯಾಂಟೀನಿನ ಕಾಲದ ರೂಢಿ. ಒಂದು ಸಂಜೆ ಬಗ್ಗಿದಾಗ ಅದರ ತುದಿ ಉರಿಗೆ ತಾಗಿತು. ಅಂಗಿಯ ತೋಳು ಹತ್ತಿಕೊಂಡಿತು. ಅಕ್ಕ ಬಚ್ಚಲಲ್ಲಿ ನೆನೆಹಾಕಿದ್ದ ಹೊದಿಕೆಯನ್ನು ನೀರು ಸೋರುತ್ತಿದ್ದ ಹಾಗೇ ಎಳೆದುತಂದು ಅವನ ಮೇಲೆ ಎಸೆದಳು. ಕಿವಿಯ ಹತ್ತಿರ ಕೂದಲು ಸುಟ್ಟಿತು, ಕುತ್ತಿಗೆ ಕೆಂಪಾಯಿತು. ಅಷ್ಟಕ್ಕೇ ಮುಗಿಯಿತು.

ಅವರಿಗೊಬ್ಬಳು ಮಗಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು, ಅದೂ ಸುಟ್ಟಗಾಯದ ವಾರ್ಡಿನಲ್ಲಿ. ಆಸ್ಪತ್ರೆಯ ಹಾಸ್ಟೆಲಿನಲ್ಲೇ ಇದ್ದಳು, ರಜೆಯ ದಿನ ಮನೆಗೆ ಬರುತ್ತಿದ್ದಳು. ಆ ವಾರ ಬಂದವಳು ಬಾಗಿಲಲ್ಲೇ ನಿಂತು ಮೂಗರಳಿಸಿದಳು. ಅಪ್ಪನ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಏನಿಲ್ಲ ಕಣಮ್ಮ, ಹಜಾಮತಿ ಸ್ವಲ್ಪ ಬಿಸಿಯಾಯ್ತು" ಅಂದ ಹದಣ್ಣ.

ಅವಳು ನಗಲಿಲ್ಲ. "ಅಪ್ಪಾ, ನಾನು ದಿನಾ ಎಂಥವರಿಗೆ ಡ್ರೆಸ್ಸಿಂಗ್ ಮಾಡ್ತೀನಿ ಅಂತ ನಿಮಗೆ ಗೊತ್ತಿಲ್ಲ. ಎಲ್ಲರೂ ಹೀಗೇ ಹೇಳ್ತಾರೆ. ಮೊನ್ನೆ ತನಕ ಏನೂ ಆಗಿರಲಿಲ್ಲ ಸಿಸ್ಟರ್ ಅಂತಾರೆ. ಈ ಮನೇಲಿ ಇನ್ನು ಬೆಂಕಿ ಬೇಡ."

ಅವಳು ಹಟ ಹಿಡಿದರೆ ಅಪ್ಪನ ತದ್ರೂಪು. ಎರಡೇ ದಿನಕ್ಕೆ ಗ್ಯಾಸ್ ಒಲೆ, ಸಿಲಿಂಡರ್ ಎರಡೂ ಹೋದವು. ಆ ಜಾಗಕ್ಕೆ ಕನ್ನಡಿಯಂಥ ಕರಿ ಗಾಜಿನ ಇಂಡಕ್ಷನ್ ಒಲೆ ಬಂತು. ಉರಿ ಇಲ್ಲ, ಪಾತ್ರೆ ಎತ್ತಿದರೆ ತಾನೇ ಆಫ್ ಆಗುತ್ತದೆ, ಗಾಜು ಬೇಗ ಆರುತ್ತದೆ. ಇದಕ್ಕಿಂತ ಕ್ಷೇಮವಾದದ್ದು ಇಲ್ಲ ಅಂತ ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅದಕ್ಕೆ ನಾಬ್ ಇರಲಿಲ್ಲ. ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಆದರೆ ಎಲ್ಲಿಡಬೇಕು ಅನ್ನುವುದು ಕಣ್ಣಿದ್ದವರಿಗೆ ಮಾತ್ರ ಗೊತ್ತು. ಹದಣ್ಣ ಸವರಿದ ಕಡೆಯೆಲ್ಲ ಅದು ಕುಂಯ್ ಕುಂಯ್ ಅನ್ನುತ್ತಿತ್ತು. ಒಂದು ಸಲ ಹತ್ತುತ್ತಿತ್ತು, ಇನ್ನೊಂದು ಸಲ ಆರುತ್ತಿತ್ತು. ಅಕ್ಕ ಅಂಗಿಗುಂಡಿಗಳನ್ನು ಗೋಂದು ಹಚ್ಚಿ ಗುರುತಿಗೆ ಅಂಟಿಸಿಕೊಟ್ಟಳು. ಹಾಲು ಉಕ್ಕಿದ್ದೇ ತಡ ಗುಂಡಿಗಳು ಕಿತ್ತುಬಂದವು, ಒಲೆ ಕೂಗಿಕೊಂಡು ನಿಂತುಹೋಯಿತು. ಸಾಲದ್ದಕ್ಕೆ ಅವನ ಪಾತ್ರೆಗಳೆಲ್ಲ ಅಲ್ಯೂಮಿನಿಯಮ್ಮಿನವು, ಈ ಒಲೆ ಅವನ್ನು ಮೂಸಿಯೂ ನೋಡಲಿಲ್ಲ. ಎಲ್ಲವೂ ಅಟ್ಟ ಸೇರಿದವು. ಹೊಸ ಪಾತ್ರೆಗಳ ತೂಕ ಅವನ ಕೈಗೆ ಹೊಂದಲಿಲ್ಲ.

"ಇದು ಒಲೆಯಲ್ಲ ಕಣೇ, ಆಫೀಸು. ಯಾವ ಟೇಬಲ್ಲಿಗೆ ಹೋದ್ರೂ ಇಲ್ಲಲ್ಲ, ಅಲ್ಲಿ ಅನ್ನುತ್ತೆ" ಅಂತ ಮೊದಮೊದಲು ತಮಾಷೆ ಮಾಡಿದ. ಆಮೇಲೆ ತಮಾಷೆ ನಿಂತಿತು. ಆಮೇಲೆ ಅಡುಗೆಮನೆಗೆ ಹೋಗುವುದೇ ನಿಂತಿತು. ಅಕ್ಕ ಕೆಲಸಕ್ಕೆ ಹೊರಡುವ ಮೊದಲು ಏನೋ ಒಂದು ಬೇಯಿಸಿಟ್ಟು ಹೋಗುತ್ತಿದ್ದಳು. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದ. ರೇಡಿಯೋ ಹಾಕಿಕೊಡಲಾ ಅಂದರೆ ಬೇಡ ಅನ್ನುತ್ತಿದ್ದ. ಗಡ್ಡ ಬೆಳೆಯಿತು. ಮಾತನಾಡಿಸಿದರೆ ಹೂಂ ಅನ್ನುವುದಕ್ಕೂ ಬೇಸರ.

ಅಕ್ಕ ಒಂದು ದಿನ ರಜೆ ಹಾಕಿ ಒಲೆ ಅಂಗಡಿಗೆ ಹೋದಳು, ನನ್ನನ್ನೂ ಕರೆದುಕೊಂಡು. ಅಂಗಡಿಯ ತುಂಬ ಸಾಲಾಗಿ ಒಲೆಗಳು, ಒಂದಕ್ಕಿಂತ ಒಂದು ಮಿರಮಿರ. ಇವಳು ಯಾವುದನ್ನೂ ನೋಡಲಿಲ್ಲ. ಪ್ರತಿಯೊಂದರ ಮುಂದೆ ನಿಂತು, ಕಣ್ಣು ಮುಚ್ಚಿ, ಕೈಯಾಡಿಸಿದಳು.

"ಯಾಕಮ್ಮಾ, ತಲೆ ಸುತ್ತುತ್ತಾ? ನೀರು ಕೊಡ್ಲಾ?" ಅಂತ ಅಂಗಡಿಯವನು ಗಾಬರಿಯಾದ.

"ಕಣ್ಣು ಮುಚ್ಕೊಂಡು ಹಚ್ಚೋಕಾಗೋ ಒಲೆ ಯಾವುದಿದೆಯಪ್ಪಾ?"

ಅವನಿಗೆ ವಿಷಯ ತಿಳಿಸಿದ ಮೇಲೆ ನಿಜವಾಗಲೂ ಮುತುವರ್ಜಿಯಿಂದ ತೋರಿಸಿದ. ಗ್ಯಾಸ್ ಒಲೆಯ ಹತ್ತಿರ ಹೋದಾಗ ಅಕ್ಕ ಬೇಡ ಅಂತ ತಲೆಯಾಡಿಸಿದಳು. ನಾಬ್ ಇರುವ ಇಂಡಕ್ಷನ್ ಎಲ್ಲೋ ಬರುತ್ತದಂತೆ, ಅವನ ಹತ್ತಿರ ಇರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಕರೆಂಟ್ ಒಲೆಯೊಂದನ್ನು ಮುಂದೆಳೆದ. ದುಂಡಗಿನ ಕಬ್ಬಿಣದ ಎರಡು ತಟ್ಟೆ, ಮುಂದೆ ದಪ್ಪ ದಪ್ಪ ನಾಬ್. ತಿರುಗಿಸಿದರೆ ಟಕ್ ಟಕ್ ಅಂತ ಬೆರಳಿಗೇ ಲೆಕ್ಕ ಸಿಗುತ್ತದೆ. ಯಾವ ಪಾತ್ರೆಯಾದರೂ ನಡೆಯುತ್ತದೆ. ಉರಿ ಇಲ್ಲ. ಕಣ್ಣು ಮುಚ್ಚಿದ್ದ ಅಕ್ಕನ ಮುಖ ಸಡಿಲವಾದದ್ದನ್ನು ನಾನು ನೋಡಿದೆ.

"ಒಂದೇ ವಿಷಯ ಅಮ್ಮಾ" ಅಂದ ಅಂಗಡಿಯವನು. "ಆಫ್ ಮಾಡಿದ ಮೇಲೂ ಈ ತಟ್ಟೆ ತುಂಬಾ ಹೊತ್ತು ಕಾದಿರುತ್ತೆ. ಇಲ್ಲೊಂದು ಕೆಂಪು ದೀಪ ಉರೀತಿರುತ್ತೆ ನೋಡಿ. ಅದು ಆರೋ ತನಕ ಮುಟ್ಬಾರದು."

ಈ ಮಾತನ್ನು ಅಕ್ಕ ಗಂಡನಿಗೆ ಮರೆಯದೆ ಹೇಳಿದಳು. ಅವನು, "ಬಿಸಿ ಅಂದ್ರೇನು ಅಂತ ನನಗೆ ಅಂಗಡಿಯವನು ಕಲಿಸ್ತಾನಾ? ಅಂಗೈ ಹಿಡಿದ್ರೆ ಸಾಕು, ಗೊತ್ತಾಗುತ್ತೆ" ಅಂದ. ಆಗಲೇ ಅವನ ಕೈ ಆ ನಾಬನ್ನು ಹುಡುಕಿಕೊಂಡಿತ್ತು.

ಅದಾದ ಮೇಲಿನ ಕೆಲವು ತಿಂಗಳು ಆ ಮನೆ ಮತ್ತೆ ಮನೆಯಾಯಿತು. ಅಲ್ಯೂಮಿನಿಯಮ್ ಪಾತ್ರೆಗಳು ಅಟ್ಟದಿಂದ ಇಳಿದವು. ಬೆಳಿಗ್ಗೆ ಬಾಗಿಲು ತೆರೆದರೆ ಹುರಿದ ಈರುಳ್ಳಿಯ ಪರಿಮಳ ನಮ್ಮ ಮನೆಯೊಳಗೇ ಬಂದು ಕೂರುತ್ತಿತ್ತು. ಹೊಸ ಒಲೆ ಕಂಡ ದಿನ ಮಗಳು ತಾಯಿಯ ಜೊತೆ ಜಗಳವಾಡಿದಳು. "ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತಮ್ಮ ನಿನಗೆ?" ಅಂತ ಕೂಗಿದ್ದು ನಮಗೂ ಕೇಳಿಸಿತು. ಆಮೇಲೆ ಅಪ್ಪ ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದಳು. ಇನ್ನೊಂದು ಸಲವೂ ಹಾಕಿಸಿಕೊಂಡಳು.

ಒಂದು ವಿಷಯವನ್ನು ನಾವ್ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೇಳೆಯಲ್ಲಿನ ಕಲ್ಲನ್ನು ಬೆರಳಲ್ಲೇ ಆರಿಸುತ್ತಿದ್ದ ಹದಣ್ಣ ಆ ಕೆಲಸವನ್ನು ಹೆಂಡತಿಗೆ ದಾಟಿಸಿದ. ಅಂಗಿಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ಕಣ್ಣಿಗೆ ಇಳಿದದ್ದು ಬೆರಳಿಗೂ ಇಳಿದು ಸ್ಪರ್ಶ ಸಾಯುತ್ತಿತ್ತು. ಅದು ಗೊತ್ತಿದ್ದವನು ಅವನೊಬ್ಬನೇ. ಹೇಳಿದರೆ ಈ ಒಲೆಯೂ ಹೋಗುತ್ತದೆ ಅಂತ ಬಾಯಿ ಬಿಡಲಿಲ್ಲ.

ಅವತ್ತು ನಾನು ಪಾತ್ರೆಯೊಂದನ್ನು ಹಿಂದಿರುಗಿಸಲು ಹೋಗಿದ್ದೆ. ಬೆಳಗಿನ ಹೊತ್ತು. ಹದಣ್ಣ ಹಾಲಿನ ಪಾತ್ರೆ ಇಳಿಸಿ, ಒಲೆ ಆಫ್ ಮಾಡಿ, ನನ್ನ ದನಿ ಕೇಳಿ ಇತ್ತ ತಿರುಗಿದ್ದ. ಕ್ಯಾಂಟೀನಿನ ಯಾವುದೋ ಹಳೇ ಕಥೆ ಶುರುಮಾಡಿದ. ಉಪ್ಪಿನ ಬದಲು ಯಾರೋ ಸಕ್ಕರೆ ಸುರಿದದ್ದು. ಕಥೆ ಹೇಳುತ್ತ ಹೇಳುತ್ತ ಎಡಗೈ ಊರಿ ಕಟ್ಟೆಗೆ ಒರಗಿಕೊಂಡ. ನಾನು ನಗುತ್ತಿದ್ದೆ. ಅವನು ಅರ್ಧಕ್ಕೇ ನಿಲ್ಲಿಸಿದ. ಮೂಗರಳಿಸಿದ.

"ಏನೋ ಸೀಯ್ತಾ ಇದೆ" ಅಂದ. ಒಳಗಿದ್ದ ಹೆಂಡತಿಗೆ ಕೂಗಿದ, "ಏ, ಒಲೆ ಮೇಲೆ ಏನಿಟ್ಟಿದೀಯೇ?"

"ಏನೂ ಇಟ್ಟಿಲ್ವಲ್ಲ!" ಅಂದಳು ಅಕ್ಕ.

ಆಗ ನಾನು ಅವನ ಕೈ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು. ನಾನು ಕಿರುಚಿ ಅವನ ತೋಳು ಎಳೆದಾಗಲೂ ಅವನಿಗೆ ಅರ್ಥವಾಗಲಿಲ್ಲ. "ಏನಾಯ್ತು? ಯಾರಿಗೇನಾಯ್ತು?" ಅಂತ ಕೇಳುತ್ತಲೇ ಇದ್ದ.

ಮಗಳ ವಾರ್ಡಿಗೇ ಸೇರಿಸಿದರು. ಮೊದಲ ಡ್ರೆಸ್ಸಿಂಗನ್ನು ಅವಳೇ ಮಾಡಲು ನಿಂತಳಂತೆ. ಹಿರಿಯ ನರ್ಸು ಅವಳ ಕೈಯಿಂದ ಹತ್ತಿ ತೆಗೆದುಕೊಂಡು ಅವಳನ್ನು ಹೊರಗೆ ಕಳಿಸಿದಳು. ಕಾರಿಡಾರಿನ ಬೆಂಚಿನಲ್ಲಿ ತಾಯಿ ಕೂತಿದ್ದಳು, ಪಕ್ಕದಲ್ಲಿ ನಾನು.

"ಇದಕ್ಕೇ ಬೇಡ ಅಂದಿದ್ದು" ಅಂದಳು ಮಗಳು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅವರು ಆ ಕುರ್ಚಿಯಲ್ಲಿ ಕೂತು ಸಾಯ್ತಾ ಇದ್ರು ಕಣೇ. ನೀನು ವಾರಕ್ಕೊಂದು ದಿನ ಬಂದು ಹೋಗ್ತಿದ್ದೆ. ನಾನು ದಿನಾ ನೋಡ್ತಿದ್ದೆ."

"ಇರ್ತಿದ್ರಲ್ಲಮ್ಮ. ಹೇಗೋ ಇರ್ತಿದ್ರು."

ಬಹಳ ದಿನ ಅವರಿಬ್ಬರ ನಡುವೆ ಮಾತ್ರೆ, ಊಟ, ಬಟ್ಟೆ, ಇಷ್ಟರ ಮಾತು ಬಿಟ್ಟು ಬೇರೆ ಇರಲಿಲ್ಲ.

ಸಕ್ಕರೆ ಕಾಯಿಲೆಯವನ ಗಾಯ, ಮಾಯುವ ಮಾತೇ ಇಲ್ಲ. ಎರಡು ಬೆರಳು ತೆಗೆದರು. ಅಂಗೈ ಮುದುಡಿಕೊಂಡಿತು. ಮನೆಗೆ ಬಂದಾಗ ಕರೆಂಟ್ ಒಲೆ ಇರಲಿಲ್ಲ. ಮಗಳು ಅದನ್ನು ಗುಜರಿಗೆ ಹಾಕಿದ್ದಳು. ಗಾಜಿನ ಒಲೆ ಮತ್ತೆ ಕಟ್ಟೆ ಏರಿತ್ತು. ಹದಣ್ಣ ಅದರ ಬಗ್ಗೆ ಕೇಳಲಿಲ್ಲ. ಅಡುಗೆಮನೆ ಯಾವ ದಿಕ್ಕಿಗಿದೆ ಅನ್ನುವುದೇ ಮರೆತವನ ಹಾಗೆ ಇದ್ದುಬಿಟ್ಟ.

ಮಗಳು ಒಂದು ಸಲ ಪ್ರಯತ್ನ ಮಾಡಿದಳು. ಬಾಣಲೆಯಲ್ಲಿ ಈರುಳ್ಳಿ ಹಾಕಿ, ಬಾಗಿಲಿನಿಂದಲೇ, "ಅಪ್ಪಾ, ಸದ್ದು ಕೇಳಿ ಹೇಳಿ, ಆಯ್ತಾ ಇದು?" ಅಂದಳು.

"ನಿನಗೆ ಕಣ್ಣಿದೆಯಲ್ಲ. ನೋಡ್ಕೋ" ಅಂದ.

ಅವನ ಬಾಯಿಂದ ಅಂಥ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಒಲೆ ಆಫ್ ಮಾಡಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು.

ಇನ್ನೊಂದು ದಿನ ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತುಬಿಟ್ಟಳು. ಏನಕ್ಕಾ ಅಂದೆ.

"ದಿನಾ ಕೇಳ್ತೀನಿ, ಉಪ್ಪು ಸರಿ ಇದೆಯಾ ಅಂತ. ಇದೆ ಅಂತಾರೆ. ಇವತ್ತು ಬೇಕೂಂತಲೇ ಒಂದು ಹರಳೂ ಹಾಕಲಿಲ್ಲ. ಬೈಲಿ, ತಟ್ಟೆ ತಳ್ಳಲಿ ಅಂದ್ಕೊಂಡೆ. ಸರಿ ಇದೆಯಾ ಅಂದೆ." ಸೆರಗು ಬಾಯಿಗೆ ಒತ್ತಿಕೊಂಡಳು. "ಇದೆ ಅಂದ್ರು ಕಣೇ. ಪೂರ್ತಿ ತಿಂದ್ರು."

ಆ ಚಳಿಗಾಲ ಕಳೆಯುವ ಮೊದಲೇ ಅವನು ಹೋದ. ಕಾಲಿನಲ್ಲೊಂದು ಹುಣ್ಣು, ಅದರ ನಂಜು, ಆಮೇಲೆ ಮೂತ್ರಪಿಂಡ. ಡಾಕ್ಟರು ಹೇಳಿದ ಕಾರಣಗಳು ಅವು. ಕಾರ್ಖಾನೆಯಿಂದ ಬಹಳ ಜನ ಬಂದಿದ್ದರು. ಅಂದು ಮುಂಗೈ ಸುಡಿಸಿಕೊಂಡವನೂ ಬಂದು, ಹೊರಗೆ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತ ನಿಂತಿದ್ದ.

ಮಗಳು ಹಾಸ್ಟೆಲ್ ಬಿಟ್ಟು ತಾಯಿಯ ಹತ್ತಿರ ಬಂದಳು. ಯಾರು ಮೊದಲು ಮನೆ ಸೇರುತ್ತಾರೋ ಅವರು ಬೇಯಿಸುತ್ತಾರೆ. ಒಲೆ ಕುಂಯ್ ಅನ್ನುತ್ತದೆ, ಇಬ್ಬರೂ ಎದುರು ಬದುರು ಕೂತು ಉಣ್ಣುತ್ತಾರೆ. ಮಾತು ನಿಧಾನವಾಗಿ ಹಿಂದಿರುಗಿದೆ, ಆ ಒಂದು ವಿಷಯ ಬಿಟ್ಟು.

ಈಚೆಗೆ ನಮ್ಮ ಮನೆಯ ಒಲೆ ಕೆಟ್ಟಿತು. ಯೋಚನೆಯಿಲ್ಲದೆ ಅವರ ಮುಂದೆಯೇ ಕೇಳಿಬಿಟ್ಟೆ, ಯಾವುದು ತರಲಿ ಅಂತ. ಅಕ್ಕ ಕೈಯಲ್ಲಿದ್ದ ಹೊದಿಕೆಯನ್ನು ಮಡಚುವುದು ನಿಲ್ಲಿಸಿದಳು.

ಮಗಳು ಕಿಟಕಿಯ ಕಡೆ ನೋಡುತ್ತಾ, "ಅಮ್ಮನ್ನ ಕರ್ಕೊಂಡು ಹೋಗಿ. ಅವಳು ಚೆನ್ನಾಗಿ ನೋಡಿ ಆರಿಸ್ತಾಳೆ" ಅಂದಳು.

ಅಕ್ಕ ಅವಳ ಕಡೆ ತಿರುಗಿದಳು. "ಇಲ್ಲ" ಅಂದಳು. "ನಾನು ಬರಲ್ಲ. ಇನ್ಯಾರಿಗೂ ನಾನು ಆರಿಸಲ್ಲ."

ಮತ್ತೆ ಬಟ್ಟೆ ಮಡಚತೊಡಗಿದಳು. ಮಗಳು ಎದ್ದು ಬಂದು, ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು.