ಹುಲಿಗೆಮ್ಮ ಕೆಮ್ಮಲಿಲ್ಲ

೨೦೦೫ರ ಸುಮಾರಿಗೆ ನಾನು ಹೊಸಪೇಟೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಅರಿವಳಿಕೆ ವೈದ್ಯೆಯಾಗಿದ್ದೆ. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಊರಿಗೆ ದೊಡ್ಡ ದೊಡ್ಡ ಕಾರುಗಳು ಬಂದವು; ಸಣ್ಣ ತೂತಿನಲ್ಲೇ ಆಪರೇಷನ್ ಮಾಡುವ ಯಂತ್ರ ನಮ್ಮಲ್ಲಿಗೆ ಬಂದಿರಲಿಲ್ಲ. ಪಿತ್ತಕೋಶದಲ್ಲಿ ಕಲ್ಲಾದರೆ ಬಲಪಕ್ಕೆಯ ಕೆಳಗೆ ಗೇಣುದ್ದ ಕೊಯ್ದೇ ತೆಗೆಯಬೇಕು.

ವಡ್ಡು ಎಂಬ ಹಳ್ಳಿಯ ಹುಲಿಗೆಮ್ಮ ಗಣಿಯಲ್ಲಿ ಅದಿರು ಆರಿಸುವ ಕೂಲಿ. ಅಕ್ಕ ಈರಮ್ಮನಿಗೂ ಅದೇ ಕೆಲಸ, ಅದೇ ಕಾಯಿಲೆ. ಮೊದಲು ತಂಗಿಗೆ ಆಪರೇಷನ್, ಆಕೆ ಎದ್ದು ಓಡಾಡಿದ ಮೇಲೆ ಅಕ್ಕನಿಗೆ ಎಂದು ಮಾತಾಡಿಕೊಂಡು ಬಂದಿದ್ದರು.

ಹೊಲಿಗೆಗೆ ಮುಂಚೆ ಗಾಯದ ಅಂಚಿಗೆ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧ ಹಾಕೋಣ, ಆಮೇಲೆ ಹೊತ್ತುಹೊತ್ತಿಗೆ ನೋವಿನ ಇಂಜೆಕ್ಷನ್ ಕೊಡೋಣ ಎಂದೆ. ಆಸ್ಪತ್ರೆಯ ಮಾಲೀಕರೂ ಆಗಿದ್ದ ಸರ್ಜನ್ ನಕ್ಕರು.

"ಕಲ್ಲು ಹೊರೋ ಮಂದಿ ಮೇಡಂ, ಇವರಿಗೆಂಥಾ ನೋವ್ರಿ? ಕೇಳಿದ್ರ ಕೊಡೂಣ ಬಿಡ್ರಿ."

ಹಿಂದಿನ ದಿನ ಗಣಿ ಧಣಿಯೊಬ್ಬರ ಹೆಂಡತಿಗೆ ಇದೇ ಔಷಧವನ್ನು ಇವರೇ ಹೇಳಿ ಹಾಕಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು; ಆದರೂ ಮಾಲೀಕರ ಮಾತು ಮೀರಲಾಗದೆ ಔಷಧ ಹಾಕದೇ ಬಿಟ್ಟೆ.

ಕೇಳಿದರೆ ಮಾತ್ರ ಇಂಜೆಕ್ಷನ್ ಎನ್ನುವುದು ನಮ್ಮ ವಾರ್ಡಿನ ಪದ್ಧತಿ. ಡಾಕ್ಟರ ಮುಂದೆ ನರಳಿದರೆ ಅವರ ಕೈಗುಣಕ್ಕೆ ಅವಮಾನ ಎಂದು ನಂಬಿದ್ದ ಹುಲಿಗೆಮ್ಮ ಕೇಳುವುದುಂಟೇ? ಸರ್ಜನ್ ಬಂದಾಗೆಲ್ಲ "ಆರಾಮ ಅದೀನ್ರಿ" ಎನ್ನುತ್ತಿದ್ದಳು. ಅವರು ಹೋದ ಮೇಲೆ ಅಕ್ಕನ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ನೋವಿಗೆ ಹೆದರಿ ಉಸಿರನ್ನು ಅರ್ಧಕ್ಕೇ ಎಳೆಯುತ್ತಿದ್ದಳು. ಧೂಳು ಕುಡಿದ ಎದೆ, ಕಫ ಕಟ್ಟಿತು, ಜ್ವರ ಏರಿತು.

"ಜೋರಾಗಿ ಕೆಮ್ಮವಾ, ಕಫ ಹೊರಗ ಬರಬೇಕು," ಎಂದೆ.

"ಕೆಮ್ಮಿದ್ರ ಹೊಟ್ಟಿ ಹರದು ಹೋದಂಗ ಆಕ್ಕೈತ್ರಿ."

ಯಾರನ್ನೂ ಕೇಳದೆ ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಗಾಯದ ಮೇಲೆ ಕೈ ಒತ್ತಿ ಹಿಡಿದು ಕೆಮ್ಮಿದಳು. ನ್ಯುಮೋನಿಯಾದಿಂದ ಹೇಗೋ ಬದುಕಿಕೊಂಡಳು. ಹೆಣ ಬೀಳುವುದು ಕೂದಲೆಳೆಯಲ್ಲಿ ತಪ್ಪಿದ್ದು ಕಂಡು ಬೆದರಿದ ಸರ್ಜನ್, ಇನ್ನು ಎಲ್ಲರಿಗೂ ಔಷಧ ಹಾಕಿ ಎಂದರು.

ಆಗ ಈರಮ್ಮನ ಸರದಿ. ನಿನಗೆ ಹೀಗಾಗುವುದಿಲ್ಲ, ಪದ್ಧತಿ ಬದಲಾಗಿದೆ ಎಂದು ಗಲ್ಲ ಹಿಡಿದು ಹೇಳಿದೆ.

"ನನಗ ಬ್ಯಾಡ್ರಿ ಮೇಡಂ. ಕಣ್ಣಾರೆ ನೋಡೀನಲ್ರಿ," ಎಂದು ಬಸ್ಸು ಹತ್ತಿದಳು.

ಕೆಲವು ತಿಂಗಳ ಮೇಲೆ ಅವಳನ್ನು ಹೊತ್ತು ತಂದರು. ಕಲ್ಲು ಜಾರಿ ಪಿತ್ತನಾಳ ಕಟ್ಟಿತ್ತು, ಕಣ್ಣು ಅರಿಶಿನವಾಗಿತ್ತು, ನಂಜು ರಕ್ತಕ್ಕೆ ಏರಿತ್ತು. ಉಳಿಯಲಿಲ್ಲ.

ಸರ್ಜನ್ ಕೈ ತೊಳೆಯುತ್ತ ಹೇಳಿದರು, "ಮೊದಲ ಬರಬೇಕಿತ್ತು. ಈ ಮಂದಿಗೆ ತಿಳುವಳಿಕಿ ಇಲ್ಲ ನೋಡ್ರಿ."

ಈರಮ್ಮ ನನಗೆ ಕಲಿಸಿದ್ದನ್ನು ಅವರಿಗೆ ಅಲ್ಲೇ ಹೇಳಿದೆ: "ಮೊದಲ ಬಂದಿದ್ಲು ಸರ್. ತಂಗಿ ಪಕ್ಕ ಕುಂತು, ನಮ್ಮನ್ನ ನೋಡೇ ವಾಪಸ್ ಹೋದ್ಲು."